ಹಸಿರು ಚುಕ್ಕಿಯ ಕಂಟ್ರೋಲು

ಮಂಗಳವಾರ ಬಿದ್ದ ಗಿಟಾರು ಬುಧವಾರವೂ ಶಿವವ್ವನ ಕಿವಿಯಲ್ಲಿ ಬೀಳುತ್ತಲೇ ಇತ್ತು.

ಕುಂಕಳ್ಳಿಯ ಕಾರ್ಖಾನೆ ಶೆಡ್ಡಿನಲ್ಲಿ ಅವಳು ಬೆಂಚಿನ ಮುಂದೆ ಕೂತಿದ್ದಳು. ರೇಡಿಯೋಗೂ ಆಂಪ್ಲಿಫಾಯರಿಗೂ ಹಾಕುವ ವಾಲ್ಯೂಮ್ ಕಂಟ್ರೋಲುಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಹಿಡಿದು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡುವುದು ಅವಳ ಕೆಲಸ. ಎಂಟು ವರ್ಷದಿಂದ ಅದೇ. ಗಟ್ಟಿ ತುಪ್ಪದಲ್ಲಿ ಚಮಚ ತಿರುವಿದ ಹಾಗೆ ಒಂದೇ ಸಮ ಬಿಗಿ ಇದ್ದರೆ ಬೆನ್ನಿಗೊಂದು ಹಸಿರು ಚುಕ್ಕಿ ಇಟ್ಟು ಈ ಟ್ರೇಗೆ. ಸಡಿಲಾಗಿ ಗಿರ್ರನೆ ತಿರುಗಿದರೆ ಆ ಟ್ರೇಗೆ. ಆ ಟ್ರೇಯಲ್ಲಿದ್ದದ್ದೆಲ್ಲ ಶನಿವಾರ ಸುತ್ತಿಗೆಯ ಪಾಲು, ಪೇಟೆಗೆ ಹೋಗಬಾರದೆಂದು ಜಜ್ಜಿಯೇ ಬಿಡುತ್ತಿದ್ದರು. ಹಸಿರು ಶಿವವ್ವನ ಬಣ್ಣ. ಪಕ್ಕದ ಬೆಂಚಿನ ಸುಗರಾಬಿಯದು ಕೆಂಪು. ಯಾರು ನೋಡಿ ಬಿಟ್ಟ ಮಾಲು ಎಂದು ತಿಳಿಯಲಿಕ್ಕೆ ಆ ಬಣ್ಣ. ಮಾಲು ತಿರುಗಿ ಬಂದರೆ ಯಾರನ್ನು ಕರೆದು ಬಯ್ಯಬೇಕು ಎಂದು ತಿಳಿಯಲಿಕ್ಕೂ.

"ಏನವಾ, ಟ್ರೇಕ್ಕ ಚುಕ್ಕಿ ಇಡಾಕತ್ತಿ?" ಸುಗರಾಬಿ ಕತ್ತು ಚಾಚಿ ನೋಡಿದಳು. "ಈ ಸರ್ತಿ ಟ್ರೇನೂ ಮುಂಬೈಗೆ ಕಳಸ್ತಾರೇನು?"

ಶಿವವ್ವ ನೋಡಿದಳು. ನಿಜ, ಟ್ರೇಯ ಅಂಚಿಗೆ ಸಾಲಾಗಿ ನಾಲ್ಕು ಹಸಿರು ಚುಕ್ಕಿ.

ಊಟದ ಹೊತ್ತಿಗೆ ಅವಳು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಕರಿಯ ನಾಬು, ಕಂಟ್ರೋಲಿನ ಮೇಲೆ ಕೂಡಿಸಿ ತಿರುಗಿಸುವ ಗುಂಡಿ, ನಡುವೆ ಸೀಳಿದ್ದು. ಅದರೊಳಗೇ ಮುರಿದು ಕೂತಿದ್ದ ಕಂಟ್ರೋಲಿನ ದಂಡದ ತುದಿ.

"ಅಯ್ಯ, ಇದು ಯಾರ ಹಲ್ಲು ಮುರದು ತಂದೀಯಲೇ?"

"ನಗಬ್ಯಾಡ ಸುಗರಾ. ಮರಿಯಮಬಾಯಿ ಮಗನ ಗಿಟಾರಿಂದು."

ಮರಿಯಮಬಾಯಿ ಶಿವವ್ವನ ಮನೆಯೊಡತಿ. ಅವಳ ದೊಡ್ಡ ಮನೆಯ ಹಿತ್ತಲಿನ ಎರಡು ಕೋಣೆಗಳಲ್ಲಿ ಶಿವವ್ವ, ಗಂಡ ಕಂಠೆಪ್ಪ, ಆರನೇ ಇಯತ್ತೆಯ ಮಗಳು ಇದ್ದರು. ಬರುವ ಭಾನುವಾರ ಬಾಯಿಯ ಮಗಳ ಮದುವೆ. ಹಡಗಿನಲ್ಲಿ ದುಡಿಯುವ ಮಗ ಆಗ್ನೆಲ್ ಶನಿವಾರ ಬರುವವನಿದ್ದ. ತಂಗಿ ಇಗರ್ಜಿಯೊಳಗೆ ನಡೆದು ಬರುವಾಗ ಅವನೇ ಗಿಟಾರು ನುಡಿಸಬೇಕೆಂಬುದು ವರ್ಷದಿಂದ ಆದ ಮಾತು. ಮದುವೆಗೆಂದು ಬಾಯಿಯ ಸಾಲೆಗೆ, ಅಂದರೆ ಮುಂಬದಿಯ ದೊಡ್ಡ ಕೋಣೆಗೆ, ಸುಣ್ಣ ಬಳಿಯಲು ಶಿವವ್ವನೇ ತನ್ನ ಊರ ಕಡೆಯ ಮಾನಪ್ಪನನ್ನು ಗೊತ್ತುಮಾಡಿ ಕೊಟ್ಟಿದ್ದಳು. ಸುಣ್ಣ ಸಿಡಿಯುತ್ತದೆಂದು ಸಾಮಾನು ಎತ್ತಿಡುವಾಗ ಅವಳು ಗಿಟಾರಿನ ಪೆಟ್ಟಿಗೆಯ ಚಿಲಕ ಹಾಕಿದೆಯೋ ಇಲ್ಲವೋ ನೋಡಲಿಲ್ಲ. ಬಾಯಿ ದರ್ಜಿಯ ಕಡೆ ಹೋಗಿದ್ದಳು, ಮಾನಪ್ಪ ಹೊರಗೆ ಸುಣ್ಣ ಕಲಸುತ್ತಿದ್ದ. ಕರೆಂಟಿನ ಕೆಂಪು ಗಿಟಾರು ಮೊಗ ಅಡಿಯಾಗಿ ನೆಲಕ್ಕೆ ಬಿತ್ತು, ದನಿಯ ನಾಬು ಮುರಿಯಿತು.

"ಬಿದ್ದದ್ದು ಬಿತ್ತು. ಹೇಳಿಬಿಡು."

"ಹ್ಯಾಂಗ ಹೇಳಲಿ? ಹಿಂದಿನ ಮನಿಯಾಗ ಏನಾತು ನಿನಗ ಗೊತ್ತಿಲ್ಲೇನು?"

ಸುಗರಾಬಿಗೆ ಗೊತ್ತಿತ್ತು. ಹಿಂದಿನ ಮನೆಯವರ ಕೈಗಡಿಯಾರ ಕಾಣೆಯಾಯಿತೆಂದು, ಘಟ್ಟದ ಮೇಲಿನಿಂದ ದುಡಿಯಲು ಬಂದ ಘಾಂಟಿ ಜನದ ಕೈ ಸರಿಯಿಲ್ಲವೆಂದು, ಜುಲೈ ಮಳೆಯಲ್ಲಿ ಶಿವವ್ವನ ಪಾತ್ರೆಪಗಡವನ್ನೆಲ್ಲ ರಸ್ತೆಗೆ ಇಟ್ಟಿದ್ದರು. ಗಡಿಯಾರ ಅವರದೇ ಹಾಸಿಗೆಯಡಿ ಸಿಕ್ಕಿತಂತೆ. ಆದರೆ ಸಿಕ್ಕಿತು ಎಂದು ಹೇಳಲು ಯಾರೂ ಬರಲಿಲ್ಲ.

"ಶನಿವಾರದೊಳಗ ಇದರಂಥಾದ್ದು ಹಾಕಿಬಿಡ್ತೀನಿ," ಎಂದಳು ಶಿವವ್ವ. "ಇಡೀ ದಿನ ಇದನ್ನಽ ತಿರುವ್ತೀನಿ, ಒಂದು ಹಾಕಾಕ ಬರೂದಿಲ್ಲೇನು?"

ಸುಗರಾಬಿ ಮುರಿದ ತುದಿಯನ್ನು ಹೊರಗೆಳೆದು, ನಾಬಿನ ಒಳಗಿನ ಹಲ್ಲುಗಳನ್ನು ಸೂಜಿಮೊನೆಯಿಂದ ಎಣಿಸಿದಳು. ಇಪ್ಪತ್ತನಾಲ್ಕು. ತಮ್ಮ ಕಾರ್ಖಾನೆಯ ಹಲ್ಲಿನ ದಂಡ ತಂದು ಎಣಿಸಿದಳು. ಹದಿನೆಂಟು.

"ಕೂಡೂದಿಲ್ಲ. ಬಲ ಹಾಕಿ ಒತ್ತಿದ್ರ ನಾಬು ಮತ್ತ ಸೀಳತೈತಿ."

"ಹಂಗಾರ ಕಂಟ್ರೋಲೂ ನಮ್ಮದಽ, ನಾಬೂ ಹದಿನೆಂಟಿಂದಽ ಹಾಕಿದ್ರ?"

"ಬಾಜೂದಾಗ ಇನ್ನೊಂದು ನಾಬು ಐತ್ಯಲ್ಲ? ಒಂದು ಹಳೇದು ಒಂದು ಹೊಸಾದು ಅಂದ್ರ ಕುರುಡಗೂ ಕಾಣತೈತಿ."

ಹಾಗಾದರೆ ಎರಡೂ ನಾಬು ಬದಲಿಸಬೇಕು. ಎರಡನೆಯ ನಾಬು ಬದಲಿಸಿದರೆ ಅದರಡಿಯ ಕಂಟ್ರೋಲೂ ಬದಲಾಗಬೇಕು, ಅದಕ್ಕೇನೂ ಆಗಿರದಿದ್ದರೂ. ಒಂದು ಮುಚ್ಚಲು ಹೋಗಿ ನಾಲ್ಕಾಯಿತು. ಶಿವವ್ವ ಉಳಿದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

"ಸುತ್ತಗಿ ಟ್ರೇದಾಗಿನವು ಎರಡು ತಗೋ. ಹೆಂಗೂ ಜಜ್ಜಿ ಒಗೀತಾರ," ಎಂದಳು ಸುಗರಾಬಿ ಮೆಲ್ಲಗೆ.

"ಗೇಟಿನ್ಯಾಗ ಡಬ್ಬಿ ತಗಸಿ ನೋಡ್ತಾರ. ಕಳ್ಳಿ ಅನ್ನಿಸಿಕೊಳ್ಳೂದು ಒಂದು ಸಲ ಸಾಕವಾ. ಮತ್ತ, ಸಡಿಲ ಮಾಲು ಹಾಕ್ತಾರೇನು? ಹಾಕಿದ್ರ ಚಲೋದಽ ಹಾಕಬೇಕು."

ಗುರುವಾರ ಪಾಳಿ ಮುಗಿದೊಡನೆ ಅವಳು ಮಡಗಾಂವಿಯ ಬಸ್ಸು ಹಿಡಿದಳು. ಬಜಾರದ ರೇಡಿಯೋ ಸಾಮಾನಿನ ಅಂಗಡಿಯಲ್ಲಿ ಕಂಟ್ರೋಲುಗಳ ಪೆಟ್ಟಿಗೆ ಕೇಳಿದಳು. ಗಿಟಾರಿನ ಹಿಂಬದಿಯ ನಾಲ್ಕು ತಿರುಪು ಬಿಚ್ಚಿ, ಕಂಟ್ರೋಲಿನ ಮೇಲಿದ್ದ ನಂಬರು ಓದಿಕೊಂಡಿದ್ದಳು: ಐನೂರು ಕಿಲೋ ಓಮ್, ದನಿಗೆ ಹಾಕುವ ಜಾತಿ. ನಾಬಿನ ಎತ್ತರವನ್ನು ಕರಿ ದಾರದಲ್ಲಿ ಅಳೆದು ಗಂಟು ಹಾಕಿಕೊಂಡು ಬಂದಿದ್ದಳು. ಅಂಗಡಿಯವನು ಪೆಟ್ಟಿಗೆ ಸುರಿದ. ಕೆಂಪು, ನೀಲಿ, ಹಳದಿ ಚುಕ್ಕಿಗಳ ನಡುವೆ ತನ್ನದೇ ಹಸಿರು. ಊರಿನ ಮಂದಿ ಪರಸ್ಥಳದಲ್ಲಿ ಸಿಕ್ಕ ಹಾಗಾಯಿತು. ಹಸಿರು ಚುಕ್ಕಿಯವನ್ನು ಮಾತ್ರ ಆರಿಸಿ ಒಂದೊಂದನ್ನೂ ತಿರುಗಿಸಿ ನೋಡಿದಳು. ಇಪ್ಪತ್ತರಲ್ಲಿ ಎಲ್ಲಕ್ಕಿಂತ ಬಿಗಿ ಇದ್ದ ಎರಡನ್ನು ತೆಗೆದಿಟ್ಟಳು. ಹಾಕಿದರೆ ಚಲೋದೇ ಹಾಕಬೇಕಲ್ಲ.

"ಏ ಮೌಶಿ, ಕಲಂಗಡಿ ಆರಿಸ್ತಿದ್ದೀಯಾ?" ಎಂದ ಅಂಗಡಿಯವನು ಹಿಂದಿಯಲ್ಲಿ.

ದಾರದ ಗಂಟಿಗೆ ಸರಿಯಾಗಿ ಎರಡು ಕರಿಯ ನಾಬುಗಳೂ ಸಿಕ್ಕವು. ನೆತ್ತಿಯ ಮೇಲೆ ಬಿಳಿ ಗೆರೆ, ಹಳೆಯದಕ್ಕಿದ್ದಂತೆಯೇ.

ಶುಕ್ರವಾರ ಕಾರ್ಖಾನೆಗಳ ವಸಾಹತಿಗೆ ಕರೆಂಟು ರಜೆ, ಕಾರ್ಖಾನೆ ಮುಚ್ಚಿರುತ್ತದೆ. ಸುಗರಾಬಿಯ ಗಂಡ ಲಾಡಸಾಬನ ಟೇಪ್‌ರೆಕಾರ್ಡರ್ ರಿಪೇರಿ ಮೇಜಿನಿಂದ ಬೆಸುಗೆ ಕಡ್ಡಿ ಬಂತು. ಬಾಯಿ ಇಗರ್ಜಿಗೆ ಹೋದ ಹೊತ್ತಿನಲ್ಲಿ ಶಿವವ್ವ ಗಿಟಾರನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಯಾವ ತಂತಿ ಎಲ್ಲಿ ಎಂದು ಮಗಳ ಪಾಟಿಯ ಮೇಲೆ ಬರೆದುಕೊಂಡು, ಹಳೆಯವನ್ನು ಬಿಡಿಸಿ ಹೊಸವನ್ನು ಬೆಸೆದಳು. ಮರದ ತೂತು ತುಸು ದೊಡ್ಡದಿತ್ತು, ವಾಷರು ಹಾಕಿ ಬಿಗಿದಳು. ನಾಬುಗಳು ಹೊಸದಾಗಿ ಮಿರುಗುತ್ತಿದ್ದವು. ಒಲೆಯ ಬೂದಿ ಹಚ್ಚಿ ತಿಕ್ಕಿ ಮಂಕು ಮಾಡಿದಳು. ಗೇಟಿನ ಸದ್ದಾದಾಗ ಪೆಟ್ಟಿಗೆಯ ಚಿಲಕ ಹಾಕಿದ್ದಳು. ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಹೋಗಿ ನೋಡಿ ಬಂದಳು.

ಶನಿವಾರ ಸಂಜೆ ಆಗ್ನೆಲ್ ಬಂದ. ಸುಣ್ಣದ ವಾಸನೆಯ ಸಾಲೆಯಲ್ಲಿ ಕೂತು, ಆಂಪ್ಲಿಫಾಯರಿಗೆ ತಂತಿ ಸಿಕ್ಕಿಸಿ, ಗಿಟಾರು ಮೀಟಿದ. ಹಿಂದಿನ ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಶಿವವ್ವ ಕಿವಿಗೊಟ್ಟಳು. ದನಿ ಬಂತು. ಚೆನ್ನಾಗಿಯೇ ಬಂತು.

ಆಮೇಲೆ ಅವನು ಬೇರೆ ಏನೋ ನುಡಿಸತೊಡಗಿದ. ಮೊದಲು ಏನೂ ಕೇಳದು. ಆಮೇಲೆ ದನಿ ತಟಕ್ಕನೆ ಎದ್ದು, ನಡುವೆ ನಿಂತು, ಮತ್ತೆ ಜಿಗಿಯುವುದು. ಕುಂಟುವ ಆಡು ಮೆಟ್ಟಿಲು ಹತ್ತಿದ ಹಾಗೆ. ಒಂದು ಸಲ, ಎರಡು ಸಲ, ಐದನೆಯ ಸಲಕ್ಕೆ ನಿಂತೇಹೋಯಿತು.

"ಮಾಂಯ್!" ಆಗ್ನೆಲ್ ತಾಯಿಯನ್ನು ಕರೆದ. "ಇದನ್ನು ಯಾರು ಮುಟ್ಟಿದರು?"

ಶಿವವ್ವ ಬಾಗಿಲ ಹಿಂದೆ ನಿಂತು ನೋಡಿದಳು. ಅವನು ಹಿಂಬದಿಯ ತಿರುಪು ಬಿಚ್ಚಿ ಒಳಗೆ ಟಾರ್ಚು ಬಿಡುತ್ತಿದ್ದ.

"ಇದು ನನ್ನದಲ್ಲ, ಇದೂ ನನ್ನದಲ್ಲ. ನೋಡು, ಹಸಿರು ಬಣ್ಣ ಬೇರೆ ಬಳಿದಿದ್ದಾರೆ."

"ಬಣ್ಣವೇ?" ಮರಿಯಮಬಾಯಿ ಮಾತು ಅಲ್ಲಿಗೇ ಹಿಡಿದಳು. "ಆ ಸುಣ್ಣದವನು! ಸಾಲೆಗೆ ಬಂದ ಹೊರಗಿನವನು ಅವನೊಬ್ಬನೇ. ಒಳ್ಳೆಯ ಸಾಮಾನು ಕದ್ದು ಕಚಡಾ ತುರುಕಿದ್ದಾನೆ. ಘಾಂಟಿಯನ್ನು ಮನೆಯೊಳಗೆ ಬಿಟ್ಟದ್ದೇ ನನ್ನ ತಪ್ಪು. ಈಗಲೇ ಅವನ ಗುತ್ತಿಗೆದಾರನಿಗೆ ಹೇಳುತ್ತೇನೆ, ಈ ಊರಲ್ಲಿ ಅವನಿಗೆ ಇನ್ನು ಕೆಲಸ ಸಿಗಬಾರದು." ಅವಳು ತಿರುಗಿದಾಗ ಶಿವವ್ವ ಕಣ್ಣಿಗೆ ಬಿದ್ದಳು. "ನೀನೇ ಅಲ್ಲವೇನೇ ಅವನನ್ನು ಕರೆತಂದದ್ದು?"

ಸುಮ್ಮನಿದ್ದುಬಿಟ್ಟರೆ ಕೋಣೆ ಉಳಿಯುತ್ತದೆ. ಶಿವವ್ವನ ಕಣ್ಣಿಗೆ ಜುಲೈಯ ರಸ್ತೆ ಬಂತು. ಪಾತ್ರೆಯೊಳಗೆ ತುಂಬುತ್ತಿದ್ದ ಮಳೆನೀರು, ಪಾಟಿಚೀಲ ಎದೆಗೆ ಅವುಚಿ ನಿಂತ ಮಗಳು. ಆದರೆ ಆ ಪಾತ್ರೆಗಳ ಪಕ್ಕದಲ್ಲಿ ಈಗ ಮಾನಪ್ಪನೂ ತನ್ನ ಸುಣ್ಣದ ಕುಂಚ ಹಿಡಿದು ನಿಂತಿದ್ದ. ಎಂಟು ವರ್ಷದಲ್ಲಿ ಕಲಿತ ಕೊಂಕಣಿಯೆಲ್ಲ ಆ ಗಳಿಗೆಗೆ ಮರೆತುಹೋಗಿ ಬಾಯಿಗೆ ಕನ್ನಡವೇ ಬಂತು.

"ಆ ಚುಕ್ಕಿ ನಂದೈತ್ರಿ ಬಾಯಿ."

ಅರ್ಥವಾಗದೆ ಇಬ್ಬರೂ ನೋಡಿದರು. ಅವಳು ಗಿಟಾರಿನ ಒಳಗೆ ಬೆರಳು ತೋರಿಸಿ, ಆ ಬೆರಳನ್ನೇ ತನ್ನ ಎದೆಗೆ ಮುಟ್ಟಿಸಿಕೊಂಡಳು. ಆಮೇಲೆ ಮೆಲ್ಲಗೆ ಕೊಂಕಣಿ ಮರಳಿತು. ಪೆಟ್ಟಿಗೆಯ ಚಿಲಕ, ನೆಲ, ಇಪ್ಪತ್ತನಾಲ್ಕು ಹಲ್ಲು, ಮಡಗಾಂವಿಯ ಅಂಗಡಿ, ಬೂದಿ, ಎಲ್ಲವನ್ನೂ ಹೇಳಿದಳು. ಒಳಗೆ ಹೋಗಿ ಸೀಳಿದ ನಾಬನ್ನೂ ಹಳೆಯ ಎರಡು ಕಂಟ್ರೋಲುಗಳನ್ನೂ ತಂದು ಮೇಜಿನ ಮೇಲಿಟ್ಟಳು.

ಮರಿಯಮಬಾಯಿ ಸೀಳಿದ ನಾಬನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದಳು.

"ಬೆಸುಗೆ ಚೆನ್ನಾಗಿದೆ," ಎಂದ ಆಗ್ನೆಲ್ ಟಾರ್ಚು ಸರಿಸುತ್ತ. "ಆದರೆ ಇಷ್ಟು ಬಿಗಿ ಯಾಕೆ?"

"ಬಿಗಿ ಇದ್ದದ್ದೇ ಒಳ್ಳೆಯ ಮಾಲು. ಸಡಿಲಿದ್ದರೆ ನಾವು ಸುತ್ತಿಗೆಯಲ್ಲಿ ಜಜ್ಜುತ್ತೇವೆ."

"ರೇಡಿಯೋಗೆ ಸರಿ. ಬೆಳಿಗ್ಗೆ ಒಮ್ಮೆ ತಿರುಗಿಸಿದರೆ ಮುಗಿಯಿತು." ಅವನು ತಂತಿ ಮೀಟುತ್ತಿದ್ದ ಕೈಯ ಕಿರುಬೆರಳನ್ನು ನಾಬಿಗೆ ಸುತ್ತಿ ತೋರಿಸಿದ. "ನಾನು ದನಿ ಮುಚ್ಚಿಟ್ಟು ಮೀಟಿ, ಆಮೇಲೆ ಈ ಬೆರಳಲ್ಲಿ ತೆರೆಯಬೇಕು. ಪಿಟೀಲಿನ ಹಾಗೆ ಬರಬೇಕು. ಒಂದು ಹಾಡಿನಲ್ಲಿ ನಲವತ್ತು ಸಲ. ನಾಳೆ ತಂಗಿ ಕೇಳಿರುವುದು ಅದನ್ನೇ."

ಶಿವವ್ವ ಆ ಕಿರುಬೆರಳನ್ನು ನೋಡಿದಳು. ತುದಿ ಕೆಂಪಾಗಿತ್ತು. ಆ ಬಿಗಿಯನ್ನೇ ತಾನು ಇಪ್ಪತ್ತರಲ್ಲಿ ಆರಿಸಿ ಆರಿಸಿ ತಂದದ್ದು.

"ಬಾಯಿ, ಹೊಲಿಗೆ ಯಂತ್ರದ ಎಣ್ಣೆ ಇದೆಯೇ?"

ಮಾಲಿನ ಕುತ್ತಿಗೆಗೆ ಎಣ್ಣೆ ತಾಗಬಾರದು, ಒಳಗಿನ ಗ್ರೀಸು ಕರಗಿ ಸಡಿಲಾಗುತ್ತದೆ ಎಂದು ಕಾರ್ಖಾನೆಯಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ಎಣ್ಣೆಗೈಯಲ್ಲಿ ಬೆಂಚಿಗೆ ಕೂತ ಹುಡುಗಿಯರನ್ನು ಅವಳೇ ಎಬ್ಬಿಸಿ ಕಳಿಸಿದ್ದುಂಟು. ಈಗ ಅವಳು ನಾಬು ಕಿತ್ತು, ಸೂಜಿಯ ತುದಿಯಲ್ಲಿ ಒಂದು ಹನಿ ಎತ್ತಿ, ದಂಡ ಕುತ್ತಿಗೆಯೊಳಗೆ ಇಳಿಯುವ ಸಂದಿಗೆ ಬಿಟ್ಟಳು. ಆ ತುದಿಯಿಂದ ಈ ತುದಿಗೆ ತಿರುಗಿಸಿದಳು. ಐವತ್ತು ಸಲ. ಮತ್ತೆ ಅರ್ಧ ಹನಿ. ಹೆಚ್ಚಾದರೆ ಒಳಗಿನ ಪಟ್ಟಿಗೆ ಇಳಿದು ದನಿ ಕರಕರ ಅನ್ನುತ್ತದೆ, ಭಾನುವಾರ ಅಂಗಡಿಯೂ ಇರದು. ಮೊಣಕೈಯನ್ನು ಮೇಜಿಗೆ ಊರಿದಳು. ತುಪ್ಪ ಎಣ್ಣೆಯಾಗುತ್ತ ಬಂತು, ಎಣ್ಣೆ ನೀರಾಗುತ್ತ ಬಂತು. ಯಾವ ಮಾಲನ್ನು ಕಂಡರೆ ಅವಳ ಕೈ ತಾನಾಗಿ ಆ ಟ್ರೇಯ ಕಡೆ ಹೋಗುತ್ತಿತ್ತೋ, ಅದನ್ನೇ ಅವಳು ಮಾಡಿ ಕೊಟ್ಟಳು.

ಆಗ್ನೆಲ್ ನಾಬು ಒತ್ತಿ, ಕಿರುಬೆರಳು ಸುತ್ತಿದ. ಅದು ಸರ್ರನೆ ತಿರುಗಿತು. ಅವನು ಎರಡನೆಯದನ್ನು ಮುಟ್ಟಬೇಡವೆಂದು ಕೈಯಾಡಿಸಿ ಹಿಂಬದಿಯ ಮುಚ್ಚಳ ಹಾಕಿದ.

ಶಿವವ್ವ ಎದ್ದು ಬಾಗಿಲವರೆಗೆ ಬಂದಿದ್ದಳು.

"ನಿಲ್ಲು," ಎಂದಳು ಮರಿಯಮಬಾಯಿ. "ನಾಲ್ಕು ದಿನ ನನ್ನ ಮುಖ ನೋಡಿ ಸುಮ್ಮನಿದ್ದೆಯಲ್ಲ. ಅದು ನನಗೆ ಸರಿಬರಲಿಲ್ಲ."

"ಹೌದು ಬಾಯಿ."

"ಆ ಸುಣ್ಣದವನಿಗೆ ನಾಳೆಯ ಊಟಕ್ಕೆ ಹೇಳಿದ್ದೀಯಾ?"

"ಇಲ್ಲ."

"ಹೇಳು. ನೀನು ಬೆಳಿಗ್ಗೆ ಐದಕ್ಕೆ ಬಾ. ಈರುಳ್ಳಿ ಎರಡು ಚೀಲ ಇದೆ, ನಿನ್ನ ಮಗಳನ್ನೂ ಕರೆದುಕೊಂಡು ಬಾ." ಕೋಣೆಯ ಮಾತನ್ನು ಅವಳು ಎತ್ತಲಿಲ್ಲ. ಬಿಡು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಈರುಳ್ಳಿಗೆ ಕರೆದವಳು ಹೊರಗೆ ಹಾಕುತ್ತಾಳೆಯೇ ಎಂದು ಶಿವವ್ವ ಅದನ್ನೇ ಹಿಡಿದುಕೊಂಡಳು.

ಅಡಿಗೆಮನೆಗೆ ಬಂದು, ಎಣ್ಣೆಗೈ ಬೆಳ್ಳುಳ್ಳಿಗೆ ತಾಗಬಾರದೆಂದು ಎರಡು ಸಲ ಸಾಬೂನು ಹಾಕಿ ತೊಳೆದಳು. ಸಾಲೆಯಲ್ಲಿ ಅವನು ತಂತಿ ಮೀಟಿದ ಟಿಕ್ಕೆಂಬ ಸಣ್ಣ ಸದ್ದು ಬರಿದಾಗಿ ಕೇಳಿತು. ಆಮೇಲೆ ಏನೂ ಇಲ್ಲ. ಶಿವವ್ವ ಬೆಳ್ಳುಳ್ಳಿ ಹಿಡಿದವಳು ಹಾಗೇ ನಿಂತಳು. ಆಮೇಲೆ ಎಲ್ಲಿಂದಲೋ ದನಿ ಮೆಲ್ಲಗೆ ಎದ್ದು, ಎಲ್ಲಿಯೂ ನಿಲ್ಲದೆ ತುಂಬಿಕೊಂಡು, ಇಳಿದುಹೋಯಿತು.

ಮತ್ತೆ ಟಿಕ್. ಮತ್ತೆ ಏನೂ ಇಲ್ಲ. ನಲವತ್ತು ಸಲವೂ ಆ ನಡುವಿನ ಗಳಿಗೆಯಲ್ಲಿ ಅವಳ ಕೈ ನಿಲ್ಲುತ್ತಿತ್ತು. ದನಿ ಬಂದ ಮೇಲೆಯೇ ಮುಂದಿನ ಎಸಳು ಸುಲಿಯುತ್ತಿದ್ದಳು.