ಗಾಳಿ ಮಷೀನಿನ ಅನುಮಾನ

ನಾನು ಒಂದು ವೆಂಟಿಲೇಟರು. ತಾವಾಗಿ ಉಸಿರಾಡಲು ಆಗದವರ ಎದೆಗೆ ಗಾಳಿ ತುಂಬುವುದು, ಅದು ಹೊರಗೆ ಬರಲು ಬಿಟ್ಟು ಮತ್ತೆ ತುಂಬುವುದು, ಇಷ್ಟೇ ನನ್ನ ಕೆಲಸ. ಜನರ ಬಾಯಲ್ಲಿ ನಾನು ಗಾಳಿ ಮಷೀನು.

ನಾನು ಹುಟ್ಟಿದ್ದು ಊರ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ. ಮೊದಲು ಮೈ ಬಂತು, ಆಮೇಲೆ ಕೊಳವೆಗಳು ಬಂದವು, ಮುಖಕ್ಕೆ ಗಾಜಿನ ಪರದೆ ಬಂತು. ಕೊನೆಗೆ ಅನುಮಾನ ಬಂತು. ತಮಾಷೆಗೆ ಹೇಳುತ್ತಿಲ್ಲ. ಕೊಳವೆ ಜಾರಿತೇ, ಗಾಳಿ ಸೋರಿತೇ, ಕಫ ಕಟ್ಟಿಕೊಂಡಿತೇ, ಕರೆಂಟು ಹೋಯಿತೇ ಎಂದು ಸದಾ ಸಂಶಯಪಡುತ್ತಲೇ ಇರಬೇಕು, ಸಂಶಯ ಬಂದ ಕೂಡಲೇ ಕಿರುಚಬೇಕು ಎಂದು ನನ್ನನ್ನು ಕಟ್ಟಿದರು. ನನ್ನ ಪರೀಕ್ಷೆಗೆ ಬಂದ ಕನ್ನಡಕದ ಹೆಂಗಸು ರಬ್ಬರಿನ ಶ್ವಾಸಕೋಶವೊಂದನ್ನು ನನಗೆ ಸಿಕ್ಕಿಸಿ, ನಾನು ಗಾಳಿ ಹಾಕುತ್ತಿರುವಾಗಲೇ ಕೊಳವೆಯನ್ನು ಹಿಂಡಿದಳು. ನಾನು ಕಿರುಚಿಕೊಂಡೆ. ಅವಳು ಸಂತೋಷದಿಂದ ತಲೆಯಾಡಿಸಿ ನನ್ನನ್ನು ಪೆಟ್ಟಿಗೆಗೆ ಹಾಕಿಸಿದಳು. ಯಾರನ್ನೂ ನಂಬಬೇಡ ಎಂದು ಹರಸಿ ಕಳಿಸಿದ ಹಾಗಾಯಿತು.

ನನ್ನ ಮೊದಲ ಮನೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆ. ಅಲ್ಲಿ ಎಲ್ಲ ಗೋಡೆಗಳೂ ಗಾಜಿನವು. ಡಾಕ್ಟರುಗಳು ಬರುತ್ತಿದ್ದರು, ಮಲಗಿದವರನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು, ಹೋಗುತ್ತಿದ್ದರು. ಗಾಜಿನಾಚೆ ನಿಂತ ಮನೆಯವರು ನನ್ನನ್ನು ಕೆಂಗಣ್ಣಿನಿಂದ ನೋಡುತ್ತಿದ್ದರು. ಒಳಗಿರುವುದು ಹೆಣ, ಸುಮ್ಮನೆ ಗಾಳಿ ಹೊಡೆದು ಎದೆ ಏಳಿಸುತ್ತಿದ್ದಾರೆ ಎಂದು ಅವರಲ್ಲಿ ಅನೇಕರ ನಂಬಿಕೆ. ನನ್ನ ಎದುರಿಗೇ ಆಡಿಕೊಳ್ಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ನನಗೆ ಕೊಟ್ಟಿದ್ದು ಕೂಗುವ ಬಾಯಿಯೇ ಹೊರತು ಮಾತಾಡುವ ಬಾಯಲ್ಲ.

ಹೊಸ ಮಷೀನುಗಳು ಬಂದಾಗ ನನ್ನ ಕೊರಳಿಗೆ ಹೂವಿನ ಹಾರ ಹಾಕಿ, ಫೋಟೋ ತೆಗೆಸಿ, ದಾನ ಕೊಟ್ಟರು. ಕೊಡುವವರ ಮುಖದಲ್ಲಿ ಆ ಪಾಟಿ ಸಂತೋಷ ಕಂಡು ನನಗೆ ಗುಮಾನಿ ಬಂತು. ಹಳೆಯ ಮಂಚವನ್ನು ಇನ್ನೊಬ್ಬರ ಮನೆಗೆ ಸಾಗಹಾಕಿದವರ ಸಂತೋಷ ಅದು.

ಹಾಗೆ ನಾನು ಬಂದು ಇಳಿದದ್ದು ತುಂಗಭದ್ರೆಯ ಕಾಲುವೆ ನೀರು ಹರಿಯುವ ಭತ್ತದ ಸೀಮೆಗೆ, ಒಂದು ಟ್ರಸ್ಟಿನ ದವಾಖಾನೆಗೆ. ತುರ್ತು ಚಿಕಿತ್ಸೆಯ ವಾರ್ಡಿನ ಒಡತಿ ಡಾಕ್ಟರ್ ವಿಮಲಾಕ್ಷಿ ಹೊಸಳ್ಳಿ. ಕುಳ್ಳನೆಯ ಹೆಂಗಸು, ಕಾಲಲ್ಲಿ ಸದಾ ಕ್ಯಾನ್ವಾಸ್ ಬೂಟು. ನನ್ನನ್ನು ಬಿಚ್ಚಿದ ದಿನವೇ ಆಕೆ ನನ್ನ ಗಾಳಿಯನ್ನು ತನ್ನ ಕೆನ್ನೆಗೆ ಹಿಡಿದು ನೋಡಿದಳು. ನಾನು ತೋರಿಸುವ ಅಂಕಿ ಒಂದು ಕಡೆ ಇರಲಿ, ಮೊದಲು ಮಲಗಿದವರ ಎದೆ ಏಳುತ್ತದೋ ಇಲ್ಲವೋ ನೋಡಿ ಎಂದು ನರ್ಸುಗಳಿಗೆ ತಾಕೀತು ಮಾಡಿದಳು. ಮೊದಲು ನನಗೆ ಅವಮಾನವಾಯಿತು. ಆಮೇಲೆ ಖುಷಿಯಾಯಿತು. ನನಗಿಂತ ಹೆಚ್ಚು ಅನುಮಾನದ ಪ್ರಾಣಿಯೊಂದು ಕೊನೆಗೂ ಸಿಕ್ಕಿತ್ತು.

ಆಕೆಯ ಕೆಲಸವೇ ಅದು. ಗ್ಯಾಸು ಎಂದು ಎದೆ ಉಜ್ಜುತ್ತ ಬಂದವರ ಹೃದಯವನ್ನು ಅನುಮಾನಿಸುವಳು. ಮೆಟ್ಟಿಲಿಂದ ಬಿದ್ದೆ ಎಂದ ಹೆಂಗಸಿನ ಹಿಂದೆ ನಿಂತ ಗಂಡನನ್ನು ಅನುಮಾನಿಸುವಳು. ಒಂದೇ ಪ್ರಶ್ನೆಯನ್ನು ಮನೆಯ ಮೂವರಿಗೆ ಬೇರೆ ಬೇರೆ ಮೂಲೆಗೆ ಕರೆದು ಕೇಳುವಳು. ಊರವರು ಬೆನ್ನ ಹಿಂದೆ ಪೊಲೀಸ್ ಡಾಕ್ಟರಮ್ಮ ಅನ್ನುತ್ತಿದ್ದರು. ಇನ್ನೊಂದು ವಿಚಿತ್ರವೂ ಇತ್ತು. ಪ್ರಜ್ಞೆ ಇಲ್ಲದವರ ಹತ್ತಿರ ಆಕೆ ಮಾತಾಡುತ್ತಿದ್ದಳು. ಈಗ ಸೂಜಿ ಚುಚ್ಚುತ್ತೇನೆ, ಈಗ ಕಫ ಎಳೆಯುತ್ತೇನೆ, ಕಿರಿಕಿರಿಯಾಗುತ್ತದೆ ಎಂದು ಹೇಳಿಯೇ ಕೈ ಹಚ್ಚುವಳು. ಅವರಿಗೆಲ್ಲಿ ಕೇಳಿಸುತ್ತದೆ ಎಂದು ನರ್ಸುಗಳು ನಕ್ಕರೆ, ಕೇಳಿಸುವುದಿಲ್ಲ ಎಂದು ಬಂದು ಹೇಳಿದವರು ಯಾರು ಎಂದು ತಿರುಗಿ ಕೇಳುವಳು.

ಶ್ರಾವಣದಲ್ಲಿ, ಪಂಚಮಿ ಹಬ್ಬದ ಮುಂಚಿನ ದಿನ ಬೆಳಿಗ್ಗೆ, ಹುಲಿಗೆಮ್ಮ ಎಂಬ ಹೊಸ ಮದುವೆಯ ಹುಡುಗಿಯನ್ನು ಆಟೋದಲ್ಲಿ ಹಾಕಿಕೊಂಡು ತಂದರು. ನಸುಕಿನಲ್ಲೇ ಹೊಟ್ಟೆನೋವು ಎಂದಳಂತೆ, ವಾಂತಿ ಮಾಡಿದಳಂತೆ, ಮಾತು ತೊದಲಿತಂತೆ. ದವಾಖಾನೆಯ ಬಾಗಿಲಿಗೆ ಬರುವ ಹೊತ್ತಿಗೆ ರೆಪ್ಪೆಗಳು ಜೋತುಬಿದ್ದು ಉಸಿರು ನಿಲ್ಲುತ್ತಾ ಬಂದಿತ್ತು. ವಿಮಲಾಕ್ಷಿ ಅವಳ ಗಂಟಲಿಗೆ ಕೊಳವೆ ಇಳಿಸಿ ನನಗೆ ಒಪ್ಪಿಸಿದಳು.

ಜೊತೆಗೆ ಬಂದವರು ಅತ್ತೆ ದ್ಯಾಮವ್ವ, ಮಾವ ಫಕೀರಪ್ಪ. ಗಂಡ ಲಾರಿಯ ಮೇಲೆ ದೂರ ಹೋಗಿದ್ದ. ಬರುತ್ತಿದ್ದಾನೆ, ಬರುತ್ತಿದ್ದಾನೆ ಎಂದು ಹೇಳುತ್ತಲೇ ಇದ್ದರು, ಅವನು ಬಂದು ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಹಿಂದೆಯೇ ಓಡಿಬಂದವನು ಹುಡುಗಿಯ ಅಣ್ಣ ಯಮನೂರಪ್ಪ. ತಂಗಿಯನ್ನು ಮೊದಲ ಪಂಚಮಿಗೆ ತವರಿಗೆ ಕರೆದೊಯ್ಯಲು ಸೀರೆ ಹಿಡಿದು ಬಂದವನಿಗೆ ಅವಳು ನನ್ನ ಕೊಳವೆಗೆ ಸಿಕ್ಕಿಕೊಂಡು ಮಲಗಿದ್ದು ಕಂಡಿತು. ವಿಷ ಹಾಕಿದ್ದಾರೆ ಎಂದು ಅವನು ವರಾಂಡದಲ್ಲೇ ಗಲಾಟೆ ಎಬ್ಬಿಸಿದ. ತಾನೇ ಏನೋ ಕುಡಿದಿರಬೇಕು ಎಂದು ಮಾವ ಗೊಣಗಿದ. ಒಬ್ಬ ಪೊಲೀಸ್ ಪೇದೆ ಬಂದು ಬೆಂಚಿನ ಮೇಲೆ ಕೂತ. ಅವನು ಎಲ್ಲರನ್ನೂ ಅನುಮಾನಿಸುತ್ತಿದ್ದ, ನನ್ನನ್ನೂ ಸೇರಿಸಿ.

ವಿಮಲಾಕ್ಷಿಯ ಅನುಮಾನ ಬೇರೆ ಕಡೆ ಹರಿದಿತ್ತು. ಹುಡುಗಿಯ ಬಾಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯೌಷಧದ ವಾಸನೆ ಇಲ್ಲ, ಜೊಲ್ಲಿಲ್ಲ, ನೊರೆಯಿಲ್ಲ. ಕಟ್ಟುಹಾವು ಕಚ್ಚಿದರೆ ಹೀಗಾಗುತ್ತದೆ. ಅದರ ಹಲ್ಲು ಕೂದಲಿನಷ್ಟು ಸಣ್ಣ, ಗುರುತೂ ಉಳಿಯುವುದಿಲ್ಲ, ನೋವೂ ಇರುವುದಿಲ್ಲ. ಆದರೆ ಅದು ಕಚ್ಚುವುದು ನೆಲದ ಮೇಲೆ ಮಲಗಿದವರನ್ನು. ಎಲ್ಲಿ ಮಲಗಿದ್ದಳು ಎಂದು ಅತ್ತೆಯನ್ನು ಕೇಳಿದಳು. ಮಂಚದ ಮೇಲೆ. ಮಾವನನ್ನು ಕೇಳಿದಳು. ಮಂಚದ ಮೇಲೆ. ಇಬ್ಬರದೂ ಒಂದೇ ಮಾತು, ಕೇಳುವ ಮೊದಲೇ ಬಾಯಿಗೆ ಬಂದ ಉತ್ತರ. ಹಾವಿನ ಮದ್ದನ್ನು ಸುಮ್ಮನೆ ಕೊಡುವ ಹಾಗಿರಲಿಲ್ಲ. ಕೆಲವರಿಗೆ ಆ ಮದ್ದೇ ಜೀವಕ್ಕೆ ಮುಳುವಾಗುತ್ತದೆ, ಹಾವೇ ಕಚ್ಚಿಲ್ಲದಿದ್ದರೆ?

ವಿಮಲಾಕ್ಷಿ ಹುಡುಗಿಯ ಮೈ ಅಂಗುಲ ಅಂಗುಲ ಹುಡುಕಿದಳು. ಏನೂ ಸಿಗಲಿಲ್ಲ. ಕೊನೆಗೆ ಜಡೆ ಬಿಚ್ಚಿದಾಗ ಬೆರಳಿಗೆ ಒಣ ಜೊಳ್ಳು ಭತ್ತ ಅಂಟಿಕೊಂಡು ಬಂತು. ಅದನ್ನು ಅಂಗೈಯಲ್ಲಿ ಹಿಡಿದು ದ್ಯಾಮವ್ವನನ್ನು ನನ್ನ ಪಕ್ಕಕ್ಕೆ ಕರೆದಳು. ಗದ್ದೆ ಕೆಲಸಕ್ಕೆ ಹೋಗಿದ್ದಳು, ಅಲ್ಲಿ ಹತ್ತಿರಬೇಕು ಎಂದಳು ಅತ್ತೆ.

"ಈಗ ನಾಟಿ ನಡದೈತಿ ದ್ಯಾಮವ್ವಾ. ಕೆಸರು ಹತ್ತತೈತಿ, ಜೊಳ್ಳು ಹೆಂಗ ಹತ್ತತೈತಿ?" ಎಂದಳು ವಿಮಲಾಕ್ಷಿ. "ಖರೇ ಹೇಳು. ಸುಳ್ಳು ಹೇಳಿದ್ರ ಈಕಿ ಉಳಿಯೂದಿಲ್ಲ."

ದ್ಯಾಮವ್ವ ಗಂಡನ ಕಡೆ ನೋಡಿದಳು, ಬಾಗಿಲಾಚೆ ನಿಂತ ಯಮನೂರಪ್ಪನ ಕಡೆ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿ ಹೇಳಿಬಿಟ್ಟಳು. ನಾಟಿಗೆ ಆಳು ಸಿಗುತ್ತಿಲ್ಲ, ಪಂಚಮಿಗೆ ಕಳಿಸುವುದಿಲ್ಲ ಎಂದು ಮಾವ ಅಂದಿದ್ದ. ಜಗಳವಾಗಿತ್ತು. ಹುಡುಗಿ ಊಟ ಬಿಟ್ಟು, ಚಾಪೆ ಎತ್ತಿಕೊಂಡು ಹೋಗಿ ಭತ್ತದ ಚೀಲ ಇಡುವ ಕೋಣೆಯಲ್ಲಿ ನೆಲದ ಮೇಲೆ ಮಲಗಿದ್ದಳು. ಅದನ್ನು ಹೇಳಿದರೆ ಜಗಳ ಹೇಳಬೇಕು, ಜಗಳ ಹೇಳಿದರೆ ತಾವೇ ಕೊಂದ ಹಾಗಾಗುತ್ತದೆ ಎಂದು ಮಂಚದ ಸುಳ್ಳು ಕಟ್ಟಿದ್ದರು. ಮಾನ ಕಾಯಲು ಹೋಗಿ ಹುಡುಗಿಯನ್ನೇ ಕಳೆದುಕೊಳ್ಳುವುದರಲ್ಲಿದ್ದರು. ಇಲಿ ಇರುವ ಚೀಲದ ಕೋಣೆಗೆ ಹಾವು ಬಾರದೆ ಇನ್ನೆಲ್ಲಿಗೆ ಬರುತ್ತದೆ?

ಮದ್ದು ಒಳಗೆ ಹೋಯಿತು. ಆದರೆ ತಡವಾಗಿತ್ತು. ಹುಡುಗಿ ಅಲ್ಲಾಡಲಿಲ್ಲ. ಕಣ್ಣಿನ ಪಾಪೆ ಅಗಲವಾಗಿ ನಿಂತುಬಿಟ್ಟಿತ್ತು, ಬೆಳಕು ಬಿಟ್ಟರೂ ಕುಗ್ಗುತ್ತಿರಲಿಲ್ಲ. ಚಿವುಟಿದರೂ ಇಲ್ಲ, ಕಫ ಎಳೆದರೆ ಕೆಮ್ಮೂ ಇಲ್ಲ. ಕಿರಿಯ ಡಾಕ್ಟರೊಬ್ಬ ಮಿದುಳು ಸತ್ತಿದೆ ಅಂದ. ಇದು ಹಾವಿನ ವಿಷ, ಮೈಯನ್ನಷ್ಟೇ ಕಟ್ಟುತ್ತದೆ, ಒಳಗಿನವಳನ್ನಲ್ಲ ಎಂದು ವಿಮಲಾಕ್ಷಿ ಅವನ ಬಾಯಿ ಮುಚ್ಚಿಸಿದಳು. ನನಗೇನು ಗೊತ್ತಾಗಬೇಕು? ನಾನು ಗಾಳಿ ಹಾಕಿದರೆ ಹೋಗುತ್ತಿತ್ತು, ಬಿಟ್ಟರೆ ಬರುತ್ತಿತ್ತು. ಪರೀಕ್ಷೆಯ ರಬ್ಬರಿನ ಶ್ವಾಸಕೋಶಕ್ಕೂ ಇದಕ್ಕೂ ನನಗೆ ಭೇದ ತಿಳಿಯಲಿಲ್ಲ.

ದಿನಗಳು ಕಳೆದವು, ಹಬ್ಬವೂ ಕಳೆಯಿತು. ಮುಖ ಮುಖ ನೋಡದಿದ್ದ ಎರಡೂ ಕಡೆಯವರು ಒಂದು ಮಧ್ಯಾಹ್ನ ಒಟ್ಟಿಗೇ ಒಳಗೆ ಬಂದರು. ನನಗೆ ಆಗಲೇ ಸಂಶಯ ಬಂತು. ಜಗಳಗಂಟರು ಒಂದಾದರೆ ಯಾರಿಗೋ ಕೇಡು ಕಾದಿರುತ್ತದೆ.

"ಸತ್ತಾಕಿಗೆ ಎಷ್ಟಂತ ಗಾಳಿ ಹೊಡೀತೀರಿ ಮೇಡಂ? ತಗದು ಕೊಡ್ರಿ, ಒಯ್ದು ಮಣ್ಣು ಮಾಡ್ತೀವಿ" ಅಂದ ಫಕೀರಪ್ಪ.

"ನಾನೂ ಅದನ್ನ ಹೇಳಾಕ ಬಂದೀನಿ. ತಗೀರಿ. ಹೆಣಾ ಒಯ್ದು ಇವ್ರ ಬಾಗಿಲ ಮುಂದ ಇಡ್ತೀನಿ. ಅಲ್ಲೇ ಸುಡ್ತೀನಿ. ಊರು ನೋಡ್ಲಿ" ಅಂದ ಯಮನೂರಪ್ಪ.

ಇಬ್ಬರಿಗೂ ಬೇಕಾಗಿದ್ದದ್ದು ಹೆಣವೇ. ಒಬ್ಬನಿಗೆ ಬಚ್ಚಿಡಲು, ಇನ್ನೊಬ್ಬನಿಗೆ ತೋರಿಸಲು. ಇದೆಲ್ಲ ನಡೆದದ್ದು ಹುಡುಗಿಯ ತಲೆಯ ಮೇಲೆ, ನನ್ನ ಎರಡು ಉಸಿರುಗಳ ನಡುವೆ. ಕೊಳವೆ ಬಿಡಿಸಿದರೆ ಮುಗಿಯಿತು. ಬಿಡಿಸಲು ಮನೆಯವರಿಗೆ ಹಕ್ಕೂ ಇತ್ತು, ಹೊರಗೆ ಅವರ ಕಡೆಯ ಜನವೂ ಕೂಡಿದ್ದರು. ವಿಮಲಾಕ್ಷಿ ಬಗ್ಗಿ ಹುಡುಗಿಯ ಅಂಗೈಯಲ್ಲಿ ತನ್ನ ಬೆರಳಿಟ್ಟಳು.

"ಹುಲಿಗೆಮ್ಮಾ, ಇವರು ನಿನ್ನ ಒಯ್ತೀವಿ ಅಂತಾರ. ಒಲ್ಲೆ ಅನ್ನೂದಿದ್ರ ನನ್ನ ಬೆರಳು ಹಿಡಿ."

ಫಕೀರಪ್ಪ ಬಾಗಿಲ ಕಡೆ ನೋಡಿದ. ಹುಡುಗಿಯ ಕಿರುಬೆರಳು ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು ಅಲ್ಲಾಡಿತು. ಮಷೀನು ಹೊಡೆದ ಹೊಡೆತಕ್ಕೆ ಅಲುಗಿದ್ದು ಎಂದ ಯಮನೂರಪ್ಪ. ನನಗೂ ಹಾಗೇ ಅನ್ನಿಸಿತು. ಅಷ್ಟರಲ್ಲಿ ನನ್ನ ಕೊಳವೆಯನ್ನು ಆ ತುದಿಯಿಂದ ಯಾರೋ ಜಗ್ಗಿದರು. ನಾನು ಗಾಳಿ ಕೊಡುವ ಮೊದಲೇ ಗಾಳಿ ಬೇಡಿದರು. ಅಷ್ಟು ದಿನ ಹಾಕಿದ್ದನ್ನು ಸುಮ್ಮನೆ ಹಾಕಿಸಿಕೊಂಡಿದ್ದ ಎದೆ ನನ್ನ ಜೊತೆ ಜಗಳಕ್ಕೆ ಬಂದಿತ್ತು. ಆ ಸಂತೋಷಕ್ಕೆ ನಾನು ವಾರ್ಡು ಬೆಚ್ಚಿಬೀಳುವ ಹಾಗೆ ಕಿರುಚಿಕೊಂಡೆ. ವಿಮಲಾಕ್ಷಿ ನನ್ನ ಪರದೆಯ ಮೇಲೆ ಎದ್ದ ಪುಟ್ಟ ಗೀರನ್ನು, ಹುಡುಗಿ ತಾನೇ ಎಳೆದ ಉಸಿರಿನ ಗುರುತನ್ನು, ತೋರಿಸಿದಳು. ಆಮೇಲೆ ಇಬ್ಬರನ್ನೂ ಹೊರಗೆ ಕಳಿಸಿ, ಗೋಡೆಗೆ ಒರಗಿ ಅತ್ತಳು.

ಮುಂದೆ ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ರೆಪ್ಪೆ. ಕೊಳವೆ ತೆಗೆದ ದಿನ ಎಲ್ಲರೂ ಮಂಚದ ಸುತ್ತ ನಿಂತರು. ಪೇದೆ ಪೆನ್ನು ತೆಗೆದ. ವಿಷ ಯಾರು ಕೊಟ್ಟರು ಹೇಳು ಎಂದು ಅಣ್ಣ ಒತ್ತಾಯಿಸಿದ. ನಮ್ಮ ತಪ್ಪಿಲ್ಲ ಅಂತ ಹೇಳವ್ವಾ ಎಂದು ಮಾವ ಕೈ ಮುಗಿದ. ಹುಡುಗಿ ವಿಷವೂ ಇಲ್ಲ, ಏನೂ ಇಲ್ಲ, ಚೀಲದ ಕೋಣೆಯಲ್ಲಿ ಮಲಗಿದ್ದೆ ಅಂದಳು. ದ್ಯಾಮವ್ವ ಅವಳ ಕಾಲು ಮುಟ್ಟಿ ನೋಡಿದಳು. ತವರಿಗೋ ಗಂಡನ ಮನೆಗೋ, ಎಲ್ಲಿಗೆ ಬರುತ್ತೀಯ ಎಂದು ಎರಡೂ ಕಡೆಯವರು ಕೇಳಿದರು.

ಹುಲಿಗೆಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊಳವೆ ಗೀರಿದ ಗಂಟಲು, ದನಿ ಏಳುತ್ತಿರಲಿಲ್ಲ.

"ನನ್ನ ಹೆಣಾ ಎಲ್ಲಿ ಸುಡಬೇಕಂತ ನನ್ನ ತಲಿ ಮ್ಯಾಲೆ ನಿಂತು ಮಾತಾಡಿದ್ರಿ. ಎಲ್ಲಾ ಕೇಳಿಸಿಕೊಂಡೀನಿ. ಸದ್ಯ ನಾ ಎಲ್ಲಿಗೂ ಬರೂದಿಲ್ಲ."

ಬಿಡುಗಡೆಯಾಗುವವರೆಗೂ ಅವಳು ಎರಡೂ ಕಡೆಯವರು ತಂದ ಅನ್ನ ಮುಟ್ಟಲಿಲ್ಲ. ಯಾರಾದರೂ ಪಿಸುಗುಟ್ಟಿದರೆ ನಿದ್ದೆಯಲ್ಲೂ ಕಣ್ಣು ಬಿಡುತ್ತಿದ್ದಳು. ಕೊನೆಗೆ ಎಲ್ಲಿಗೆ ಹೋದಳು ಎನ್ನುವುದು ನನಗೆ ತಿಳಿಯದು. ವಾರ್ಡಿನ ಬಾಗಿಲಾಚೆಯದು ನನಗೆ ಕಾಣುವುದಿಲ್ಲ.

ಈಗ ನಾನು ಮುದಿಯಾಗಿದ್ದೇನೆ. ನನ್ನ ತಿರುಪುಗಳು ಸಿಗುವುದಿಲ್ಲ, ದವಾಖಾನೆಯ ಹಿಂದಿನ ಉಗ್ರಾಣದಲ್ಲಿ ಕಾಲು ಮುರಿದ ಮಂಚಗಳ ನಡುವೆ ನನ್ನನ್ನು ನಿಲ್ಲಿಸಿದ್ದಾರೆ. ತಲೆಗೂದಲು ನರೆತ ವಿಮಲಾಕ್ಷಿ ಒಮ್ಮೆ ಏನೋ ಹುಡುಕಿಕೊಂಡು ಬಂದಳು. ನನ್ನ ಧೂಳನ್ನು ಅಂಗೈಯಿಂದ ಒರೆಸಿ, ಸುತ್ತ ಯಾರೂ ಇಲ್ಲವೆಂದು ನೋಡಿ, ಮೆಲ್ಲಗೆ ಕೇಳಿದಳು: "ಆಕಿಗಿಂತ ಮೊದಲ ನಾವು ಎಷ್ಟು ಮಂದಿನ್ನ ಬಿಟ್ವಿ?"

ಅಂದಿನಿಂದ ನನಗೆ ಅದೊಂದೇ ಅನುಮಾನ. ಗಾಜಿನ ಮನೆಯಲ್ಲೂ ಇಲ್ಲಿಯೂ ನನ್ನ ಕೊಳವೆ ಬಿಡಿಸಿ ಮನೆಗೆ ಒಯ್ದ ರೋಗಿಗಳು ಬಹಳ ಜನ. ಅವರೆಲ್ಲ ಆಗಲೇ ಸತ್ತುಹೋಗಿದ್ದವರೇ ಇರಬೇಕು. ಇರಬೇಕು ಎಂದಷ್ಟೇ ನಾನು ಹೇಳಬಲ್ಲೆ. ಅವರ ತಲೆಯ ಮೇಲೂ ಜನ ಮಾತಾಡಿದ್ದರು, ಅತ್ತಿದ್ದರು, ಜಗಳವಾಡಿದ್ದರು. ಅಂಗೈಯಲ್ಲಿ ಬೆರಳಿಟ್ಟು ಅವರನ್ನು ಯಾರೂ ಕೇಳಿರಲಿಲ್ಲ.