ಒಂದೂ ವಾಪಸು ಬಂದಿಲ್ಲ

ಹೊಗೆ, ಎಲ್ಲಿಂದಲೋ ಸಣ್ಣಗೆ ಹೊಗೆ, ಉಗುರು ಸುಟ್ಟ ವಾಸನೆ, ಮೋಟಾರು ಬಿಸಿಯಾಯಿತೋ, ಬೆಲ್ಟು ಉಜ್ಜುತ್ತಿದೆಯೋ, ಬಗ್ಗಿ ನೋಡಿದರೆ ಲೇತಿನಲ್ಲಿ ಏನೂ ಇಲ್ಲ, ಹೊಗೆ ಬರುತ್ತಿರುವುದು ನನ್ನ ಬೆರಳಿನಿಂದ, ಬಲಗೈಯ ತೋರುಬೆರಳ ತುದಿಯಲ್ಲಿ ಉಕ್ಕಿನ ನೀಲಿ ಸುರುಳಿಯೊಂದು ಆರಾಮಾಗಿ ಕೂತಿದೆ, ಈಗಷ್ಟೇ ಪಿನ್ನಿನಿಂದ ಕೆತ್ತಿ ಬಂದದ್ದು, ಎಡಗೈಯಿಂದ ಕೊಡವಿದೆ, ಚರ್ಮ ಬೆಳ್ಳಗಾಗಿ ಗುಳ್ಳೆ ಏಳುತ್ತಿದೆ, ನೋವು ಮಾತ್ರ ಇಲ್ಲ, ಸ್ವಲ್ಪ ಕಾದೆ, ಬರಲೇ ಇಲ್ಲ — ಇದು ಶುಗರ್, ಜಯಪಾಲರೇ, ಬೆರಳ ತುದಿಯ ನರ ಹೋಗಿದೆ, ಅದಿನ್ನು ಸರಿಯಾಗ್ಲಿಕ್ಕಿಲ್ಲ ಅಂತ ಡಾಕ್ಟರು ಹೇಳಿ ಎರಡು ವರ್ಷವಾಯಿತು, ನಾನು ಯಾರಿಗೂ ಹೇಳಿಲ್ಲ, ಹೆಂಡತಿ ಕುಶಲಾಳಿಗೂ ಹೇಳಿಲ್ಲ, ಮಾತ್ರೆಯ ಡಬ್ಬಿ ಇಲ್ಲೇ ಟೂಲ್ಸಿನ ಮೇಜಿನ ಖಾನೆಯಲ್ಲಿ, ಡ್ರಿಲ್ ಬಿಟ್ಟುಗಳ ಹಿಂದೆ — ಪಿನ್ನನ್ನು ಕಚ್ಚಿ ತಿರುಗಿಸುವ ಚಕ್ಕು ನಿಧಾನಕ್ಕೆ ನಿಲ್ಲುತ್ತಿದೆ, ಪಿನ್ನು ಹೊಳೆಯುತ್ತಿದೆ, ಕಿಂಗ್ ಪಿನ್, ಗೇಣುದ್ದವೂ ಇಲ್ಲ, ಲವಿನಾಳ ಅಜ್ಜನ ಆಸ್ಟಿನ್ ಕಾರಿನ ಮುಂದಿನ ಬಲಗಡೆಯ ಚಕ್ರ ಅತ್ತಿತ್ತ ತಿರುಗುವುದು ಇದರ ಮೇಲೆ, ಕಂಪನಿಯವರು ಇದನ್ನು ಮಾಡುವುದು ಬಿಟ್ಟು ಎಷ್ಟು ಕಾಲವಾಯಿತೋ, ಈಗ ಬೇಕೆಂದರೆ ನಾನು ಮಾಡಬೇಕು. ಎಡಗಡೆಯದ್ದು ಹೋದ ವಾರವೇ ಆಯಿತು, ಅದನ್ನು ಎರಡು ಸಲ ಮಾಡಿದೆ, ಲವಿನಾಳಿಗೆ ಇನ್ನೊಂದು ಬೇಕಂತೆ, ಸ್ಪೇರ್ ಇಡ್ಲಿಕ್ಕೆ ಅಂತ ಕುಶಲಾ ಹೇಳಿದ್ದಳು, ಫೋನು ಎತ್ತುವವಳು ಅವಳೇ ತಾನೆ. ನಾಲ್ಕು ಗಂಟೆಗೆ ಲವಿನಾ ಬರುತ್ತಾಳೆ. ಇವತ್ತು ಶುಕ್ರವಾರ, ಆದಿತ್ಯವಾರ ಹಳೆ ಕಾರಿನವರ ಮೆರವಣಿಗೆ, ಕದ್ರಿ ಗುಡ್ಡದಿಂದ ಕೆಳಗೆ, ಆ ಇಳಿಜಾರಿನಲ್ಲಿ ಲವಿನಾ ಮತ್ತು ಅವಳ ಇಬ್ಬರು ಮಕ್ಕಳು, ಪಿನ್ನು ಬಿಗಿ ಹಿಡಿದರೆ ಸ್ಟೇರಿಂಗ್ ತಿರುಗುವುದಿಲ್ಲ, ವಿಷಯ ಅಷ್ಟೇ.

ಮೈಕ್ರೋಮೀಟರಿನಲ್ಲಿ ಸರಿ ಉಂಟು, ಈ ತುದಿ ಸರಿ, ಆ ತುದಿ ಸರಿ, ನಡುವೆ ಸರಿ, ಆದರೆ ಕೊನೆಯ ಕಟ್ ಹಾಕುವಾಗ ಕೂಳೂರು ಸಂಕದ ಮೇಲೆ ಟ್ಯಾಂಕರುಗಳು ಸಾಲಾಗಿ ಬಂದವು, ನೆಲ ಗದಗದ, ಟ್ಯಾಂಕರು ಹೋಗುವಾಗ ಕೊನೆಯ ಕಟ್ ಹಾಕಬಾರದು, ಅದು ಈ ಶೆಡ್ಡಿನ ಮೊದಲನೆಯ ನಿಯಮ, ಮಾವ ಇರುವಾಗ ದಿನಕ್ಕೆ ಹತ್ತು ಲಾರಿ ಹೋದರೆ ಹೆಚ್ಚು, ಬೀಡಿ ಹಚ್ಚಿ ಕೂತರೆ ಬೀಡಿ ಮುಗಿಯುವುದರೊಳಗೆ ರಸ್ತೆ ಖಾಲಿ, ಈಗ ಬೀಡಿಯ ಕಟ್ಟು ಮುಗಿದರೂ ಖಾಲಿಯಾಗುವುದಿಲ್ಲ, ನಾಲ್ಕು ಗಂಟೆ ಎಂದು ಅವಸರ ಮಾಡಿದೆ, ನಡುವಿನಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಿದೆ, ನಿಲ್ಲಿಸಿದ ಕಡೆ ಒಂದು ಏಣು, ಸಣ್ಣ ಉಬ್ಬು, ಎದ್ದಿರಬಹುದು, ಕೂದಲಿನಷ್ಟೂ ಇರಲಿಕ್ಕಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗಬೇಕು, ಬೆರಳು ಇಟ್ಟರೆ — ಏನೂ ಇಲ್ಲ, ಹತ್ತಿಯ ಮೇಲೆ ಇಟ್ಟ ಹಾಗೆ. ನೀನು ಅಳತೆ ಮಾಡಿದ ಜಾಗದ್ದು ಮಾತ್ರ ಮೈಕ್ರೋಮೀಟರ್ ಹೇಳ್ತದೆ ಜಯಪಾಲ, ಮಾಡದ ಜಾಗದ್ದು ಬೆರಳು ಹೇಳಬೇಕು ಅಂತ ಮಾವ, ಮಾವನೆಂದರೆ ಅಮ್ಮನ ಅಣ್ಣ, ಈ ಶೆಡ್ಡು ಕಟ್ಟಿದವರು, ಆಮೇಲೆ ಹೆಣ್ಣು ಕೊಟ್ಟ ಮಾವನೂ ಅವರೇ, ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಗದ್ದೆ ಬಿಟ್ಟು ಇಲ್ಲಿಗೆ ಬಂದಾಗ ಹದಿನೇಳು, ಕುಶಲಾಳಿಗೆ ಹತ್ತು, ಶಾಲೆ ಬಿಟ್ಟು ಸೀದಾ ಇಲ್ಲಿಗೆ ಬರುತ್ತಿದ್ದಳು, ಬಾಲೇ, ಇದನ್ನೊಮ್ಮೆ ನೋಡು, ಅಂತ ಮಾವ ಕರೆದರೆ ಸ್ಟೂಲಿನ ಮೇಲೆ ಹತ್ತಿ ಕಣ್ಣು ಮುಚ್ಚಿ ಬೆರಳು ಇಡುವಳು, ಎಮರಿ ಕಾಗದ ಉಜ್ಜಿ ಉಜ್ಜಿ ತುದಿ ಕಪ್ಪಾದ ಬೆರಳು, ಉಕ್ಕಿನ ಮೇಲೆ ಹೋಗುತ್ತದೆ, ಹೋಗುತ್ತದೆ, ನಿಲ್ಲುತ್ತದೆ, ಇಲ್ಲಿ ಉಂಟು ಅಪ್ಪ. ಉಂಟು ಎಂದರೆ ಉಂಟು, ಮಾವ ಪುನಃ ಲೇತಿಗೆ ಏರಿಸುವರು, ಒಂದು ಮಾತು ಎದುರು ಹೇಳದೆ, ನಮ್ಮನ್ನೆಲ್ಲ ಬೈಯುತ್ತಿದ್ದ ಮನುಷ್ಯ. ನನಗೆ ಹೊಟ್ಟೆ ಉರಿಯುತ್ತಿತ್ತು, ಈಗ ಸುಳ್ಳು ಹೇಳಿ ಏನು, ಚೆನ್ನಾಗಿ ಉರಿಯುತ್ತಿತ್ತು.

ಎಣ್ಣೆ ಕಾಗದ ಎಲ್ಲಿಟ್ಟಿದ್ದಾಳೆ, ಪಿನ್ನು ಸುತ್ತಬೇಕು, ಬರಿ ಉಕ್ಕನ್ನು ಈ ಹೊಳೆಯ ಗಾಳಿಗೆ ಬಿಟ್ಟರೆ ಬೆಳಗಾಗುವಾಗ ತುಕ್ಕು, ಕುಶಲಾ ಇದ್ದರೆ ಕೇಳಬಹುದಿತ್ತು, ತೊಕ್ಕೊಟ್ಟಿಗೆ ಹೋಗಿದ್ದಾಳೆ, ಟೈಲರನ ಹತ್ತಿರ ರವಿಕೆ ತರಲು, ಆದಿತ್ಯವಾರ ಹಳೆ ಕಾರಿನವರು ನನಗೆ ಮಾಡುವ ಸನ್ಮಾನಕ್ಕೆ, ನನಗೆ ಶಾಲು ಹೊದಿಸುವಾಗ ಪಕ್ಕದಲ್ಲಿ ಅವಳನ್ನೂ ನಿಲ್ಲಿಸುತ್ತಾರಂತೆ, ಹಣ್ಣಿನ ಬುಟ್ಟಿ ಹಿಡಿಯಲು ಯಾರಾದರೂ ಬೇಕಲ್ಲ ಎಂದು ನಾನೇ ತಮಾಷೆ ಮಾಡಿದ್ದೆ, ಅವಳು ನಗಲಿಲ್ಲ. ಅವಳ ಪ್ಯಾಕಿಂಗ್ ಮೇಜಿನ ಕೆಳಗೆ ಹಗ್ಗ, ರಟ್ಟು, ಹಳೆ ಪೇಪರು, ಒಂದು ಬಿಸ್ಕತ್ತಿನ ಡಬ್ಬಿ, ಎಣ್ಣೆ ಕಾಗದ ಇದರಲ್ಲೇ ಇರಬೇಕು, ಎಳೆದರೆ ಬರುವುದಿಲ್ಲ, ಎಷ್ಟು ಭಾರ ಮಾರಾಯ, ಎರಡೂ ಕೈ ಹಾಕಿ ಎಳೆದು ಮುಚ್ಚಳ ತೆಗೆದರೆ ಎಣ್ಣೆ ಕಾಗದವೇ, ಆದರೆ ಸುತ್ತಿದ್ದು, ಸಣ್ಣ ಸಣ್ಣ ಪೊಟ್ಟಣಗಳು, ದಾರ ಕಟ್ಟಿ ಚೀಟಿ ಸಿಕ್ಕಿಸಿದ್ದಾಳೆ, ಅವಳ ಗುಂಡು ಗುಂಡು ಅಕ್ಷರ — ಲವಿನಾ, ಎಡ — ಬಿಚ್ಚಿದೆ, ನನ್ನ ಪಿನ್ನು, ಹೋದ ವಾರದ್ದು, ಸ್ಪೇರ್ ಅಂದದ್ದು, ಇನ್ನೊಂದು, ಸುಹೈಬ್, ಜೀಪಿನ ಬುಶ್, ಅದೂ ನನ್ನದು, ಸುಹೈಬನಿಗೆ ಇನ್ನೊಂದು ಬೇಕಂತೆ ಅಂದಿದ್ದಳಲ್ಲ ಮಳೆಗಾಲಕ್ಕೆ ಮೊದಲು, ಇನ್ನೊಂದು, ಪೃಥ್ವಿರಾಜ್, ಫಿಯೆಟ್, ಪಂಪಿನ ಶಾಫ್ಟು, ಹೌದು, ಅವನಿಗೂ ಇನ್ನೊಂದು ಬೇಕಿತ್ತು, ಹನ್ನೊಂದು ಪೊಟ್ಟಣ, ಎರಡು ವರ್ಷದಲ್ಲಿ ಹನ್ನೊಂದು ಇನ್ನೊಂದು. ಒಂದಕ್ಕೂ ತುಕ್ಕು ಹಿಡಿದಿಲ್ಲ. ಗಿರಾಕಿಗೆ ಕೊಡದೆ ತಡೆದ ಕೆಟ್ಟ ಪೀಸಿಗೂ ಎಣ್ಣೆ ಹಚ್ಚಿ ಇಟ್ಟಿದ್ದಾಳೆ.

ನೋಡಿದಿಯಾ, ಒಂದು ಹಾಕಿದ ಮೇಲೆ ಮತ್ತೊಂದು ಕೇಳ್ತಾರೆ, ಕೆಲಸ ಅಂದ್ರೆ ಹಾಗೆ — ಪ್ರತಿಸಲವೂ ನಾನು ಅವಳಿಗೆ ಹೇಳಿದ ಮಾತು, ಅವಳು ಹೌದು ಹೌದು ಎನ್ನುತ್ತ ಊಟದ ಡಬ್ಬಿ ಬಿಚ್ಚುತ್ತಿದ್ದಳು, ಹಾಳಾದವಳು, ನನ್ನನ್ನು ಮಗುವನ್ನು ಆಡಿಸಿದ ಹಾಗೆ ಆಡಿಸಿದ್ದಾಳೆ, ಡಬ್ಬಿಯನ್ನು ಎತ್ತಿ ಹೊಳೆಗೆ ಎಸೆಯಬೇಕು ಅನ್ನಿಸಿತು, ಎತ್ತಲು ಆಗಲಿಲ್ಲ, ಸ್ಟೂಲಿನ ಮೇಲೆ ಕೂತೆ. ಐವತ್ತು ವರ್ಷದಲ್ಲಿ ನನ್ನ ಒಂದು ಪೀಸೂ ವಾಪಸು ಬಂದಿಲ್ಲ, ಮದುವೆ ಮನೆಯಲ್ಲಿ ಹೇಳಿದ್ದೇನೆ, ಸಾವಿನ ಮನೆಯ ಬೊಜ್ಜದ ಊಟದಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ, ಸನ್ಮಾನ ಪತ್ರ ಬರೆಯುವವಳು ಲವಿನಾ, ಅಂಕಲ್, ಅದೇ ಸಾಲು ದಪ್ಪ ಅಕ್ಷರದಲ್ಲಿ ಹಾಕ್ತೇನೆ ಅಂದಿದ್ದಾಳೆ — ವಾಪಸು ಬರುವುದೆಲ್ಲಿಂದ, ಹೋದರಲ್ಲವೇ ಬರುವುದು. ಇದನ್ನು ನಾನು ಮುಚ್ಚಿಬಿಡಬಹುದು, ಡಬ್ಬಿಯನ್ನು ಹಿಂದಕ್ಕೆ ತಳ್ಳಿ, ಲವಿನಾಳಿಗೆ ಪಿನ್ನು ಕೊಟ್ಟು, ಆದಿತ್ಯವಾರ ಶಾಲು ಹೊದ್ದು, ತಿಂಗಳ ಕೊನೆಗೆ ಕಾಯಂ ಆಗಿ ಶಟರ್ ಎಳೆದು ಮನೆಗೆ ಹೋಗಬಹುದು, ಆಮೇಲೆ ಇದೆಲ್ಲ ಗೌರವನಿಗೆ, ತಂಗಿಯ ಮಗ, ಮಸ್ಕತ್ತಿನಲ್ಲಿದ್ದಾನೆ, ಫೋನು ಮಾಡಿದಾಗೆಲ್ಲ ಮಾವ, ನೀವು ರೆಸ್ಟ್ ತೆಗೊಳ್ಳಿ, ಆ ಲೇತ್ ಗುಜರಿಗೆ ಕೊಡುವ, ಅಲ್ಲಿ ಟೈಲ್ಸ್ ಶೋರೂಮ್ ಮಾಡ್ಲಿಕ್ಕೆ ಆಗ್ತದೆ ಅಂತಾನೆ, ನಮ್ಮದು ಅಳಿಯಕಟ್ಟು, ಮಾವನದ್ದು ಸೋದರಳಿಯನಿಗೆ, ಕಾನೂನು ಏನೇ ಇರಲಿ ಮನೆಯ ರೂಢಿ ಹಾಗೆಯೇ ನಡೆದದ್ದು, ನನಗೂ ಹಾಗೆಯೇ ಬಂದದ್ದು, ಮಾವ ಮಲಗಿದಲ್ಲಿಂದ ಶೆಡ್ಡಿನ ಬೀಗದ ಕೈ ಕೊಟ್ಟಾಗ ಕುಶಲಾ ಬಾಗಿಲ ಹತ್ತಿರ ನಿಂತಿದ್ದಳು, ಇವಳಿಗೆ ಎಂತ ಎಂದು ಒಬ್ಬರೂ ಕೇಳಲಿಲ್ಲ, ಕೇಳುವ ವಿಷಯ ಎಂದೇ ಯಾರಿಗೂ ತೋಚಲಿಲ್ಲ. ಮದುವೆಯಾದ ಮೇಲೆ ಒಂದು ದಿನ ಅವಳು ಮೊದಲಿನ ಹಾಗೆ ಬಂದು ಕಣ್ಣು ಮುಚ್ಚಿ ಬೆರಳು ಇಟ್ಟಳು, ಹೋಗುತ್ತದೆ, ಹೋಗುತ್ತದೆ, ನಿಲ್ಲುತ್ತದೆ, ಇಲ್ಲಿ ಉಂಟು ಭಾವ, ಆಗ ಇನ್ನೂ ಭಾವ ಎಂದೇ ಕರೆಯುತ್ತಿದ್ದಳು, ಗಿರಾಕಿಗಳಿಬ್ಬರು ಎದುರಿಗೇ ಇದ್ದರು, ನನಗೆ ಮುಖ ಕೆಂಪಾಯಿತು — ಇನ್ನು ನೀನು ಮುಟ್ಟುವುದು ಬೇಡ, ಪ್ಯಾಕಿಂಗ್ ನೋಡಿಕೋ, ಸಾಕು. ಸರಿ ಅಂದಳು. ಆಮೇಲೆ ಭಾವ ಎಂದು ಕರೆಯಲಿಲ್ಲ. ಮೂವತ್ತೆಂಟು ವರ್ಷ ಪ್ರತಿಯೊಂದು ಪೀಸನ್ನೂ ಬಟ್ಟೆಯಲ್ಲಿ ಒರೆಸಿ ಕಟ್ಟಿದ್ದಾಳೆ, ಎಣ್ಣೆ ಒರೆಸುತ್ತಾಳೆ ಎಂದು ತಿಳಿದಿದ್ದೆ ನಾನು.

ಚಪ್ಪಲಿಯ ಸದ್ದು, ಬಂದಳು, ಡಬ್ಬಿಯನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದೆ, ಬಸ್ಸಲ್ಲಿ ಎಂತ ರಶ್ ಮಾರಾಯ್ರೆ, ನೇತ್ರಾವತಿ ಸಂಕದಲ್ಲಿ ಅರ್ಧ ಗಂಟೆ, ತೋಳು ಬಿಗಿ ಮಾಡಿ ಇಟ್ಟಿದ್ದಾನೆ ಆ ಟೈಲರ್, ನೀವು ಊಟ ಮಾಡಿದ್ರಾ, ಮಾಡಿದೆ, ಪಿನ್ನು ಆಯ್ತಾ, ಆಯ್ತು. ದಿನಾ ಇಡುವ ಹಾಗೆ ಪಿನ್ನನ್ನು ಅವಳ ಮೇಜಿನ ಮೇಲೆ ಇಟ್ಟೆ, ಲೇತಿನ ಕಡೆ ತಿರುಗಿ ಏನನ್ನೋ ಹುಡುಕುವ ಹಾಗೆ ನಿಂತೆ, ಕಣ್ಣು ಮಾತ್ರ ಅಲ್ಲೇ, ರವಿಕೆಯ ಕಟ್ಟು ಬದಿಗಿಟ್ಟಳು, ಬಟ್ಟೆ ಎತ್ತಿಕೊಂಡಳು, ಒರೆಸಿದಳು, ಬಟ್ಟೆಯ ಅಡಿಯಲ್ಲಿ ತೋರುಬೆರಳು, ನಾನು ಇಷ್ಟು ವರ್ಷ ಎದುರಿಗೇ ಇದ್ದು ನೋಡಿಲ್ಲವಲ್ಲ, ಕಣ್ಣು ಮುಚ್ಚಿದ್ದಾಳೆ, ಅರುವತ್ತು ವರ್ಷದ ಮುಖದಲ್ಲಿ ಆ ಹತ್ತು ವರ್ಷದವಳು, ಬೆರಳು ಹೋಗುತ್ತದೆ, ಹೋಗುತ್ತದೆ, ನಿಲ್ಲುತ್ತದೆ. ಹಿಂದಕ್ಕೆ ಬಂದು ಮತ್ತೆ ಅಲ್ಲೇ ನಿಂತಿತು. ಕಣ್ಣು ತೆರೆದಳು, ಪಿನ್ನು ಸುತ್ತಲು ಶುರು ಮಾಡಿದಳು, ಮಾಮೂಲಿ ಸ್ವರದಲ್ಲಿ, ಹೌದಾ, ಹೇಳ್ಲಿಕ್ಕೆ ಮರೆತೆ, ಲವಿನಾಳಿಗೆ ಬಲಗಡೆಯದ್ದೂ ಇನ್ನೊಂದು — ಎಲ್ಲಿ ಅಂದೆ ನಾನು. ಎಂತ ಎಲ್ಲಿ. ಎಲ್ಲಿ ಉಂಟು ಕುಶಲಾ, ಏಣು ಎಲ್ಲಿ ಉಂಟು. ಅವಳ ಕಣ್ಣು ಮೇಜಿನ ಕೆಳಗೆ ಹೋಯಿತು, ಡಬ್ಬಿ ಅರ್ಧ ಹೊರಗೇ ಇತ್ತು, ನಾಚಿಕೆಯಾದದ್ದು ಅವಳಿಗೆ, ಆಗಬೇಕಾದದ್ದು ನನಗೆ. ನಿಮಗೆ ಹೇಳಿದ್ರೆ ನೀವು ಮತ್ತೆ ಲೇತಿನ ಹತ್ರ ಬರ್ತಿರ್ಲಿಲ್ಲ, ನಿಮ್ಮ ಮಾತ್ರೆ ನಾನು ನೋಡಿದ್ದೇನೆ ಅಂದಳು. ಆಮೇಲೆ ನನ್ನ ಕೈ ಹಿಡಿದು, ಹಿಡಿದಾಗ ಗುಳ್ಳೆಯನ್ನು ನೋಡಿ ಅಯ್ಯೋ ದೇವರೇ ಎಂದು, ಸುಟ್ಟ ಬೆರಳನ್ನು ಬಿಟ್ಟು ಪಕ್ಕದ ಬೆರಳನ್ನು ಪಿನ್ನಿನ ಮೇಲೆ ಇಟ್ಟಳು, ಇಲ್ಲಿ, ನೋಡಿ, ಗೊತ್ತಾಗ್ತದಾ, ಇಲ್ಲ, ಈಗ, ಇಲ್ಲ ಕುಶಲಾ, ನನಗೆ ಎಂತದೂ ಗೊತ್ತಾಗುವುದಿಲ್ಲ.

ಹಾಗಾದರೆ ನಾನು ಲೇತ್ ತಿರುಗಿಸ್ತೇನೆ, ಎಮರಿ ನೀನು ಹಿಡಿ ಅಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬಳೆ ತೆಗೆದು ರವಿಕೆಯ ಕಟ್ಟಿನ ಮೇಲೆ ಇಟ್ಟಳು, ಎಲ್ಲಿ ನಿಲ್ಲಬೇಕು ಎಂದು ಕೇಳಲಿಲ್ಲ, ಮಾವ ನಿಲ್ಲುತ್ತಿದ್ದ ಜಾಗದಲ್ಲೇ ಹೋಗಿ ನಿಂತಳು, ಹೊರಗೆ ಸ್ಕೂಟರು ನಿಂತಿತು, ಅಂಕಲ್ ಆಯ್ತಾ, ಲವಿನಾ, ಕೈಯಲ್ಲಿ ಮೊಬೈಲು, ಸನ್ಮಾನ ಪತ್ರ ಪ್ರಿಂಟಿಗೆ ಕೊಡ್ಲಿಕ್ಕುಂಟು ಅಂಕಲ್, ಒಮ್ಮೆ ಓದಿ, ಎಂತಾದ್ರೂ ಬದಲು ಮಾಡ್ಲಿಕ್ಕುಂಟಾ — ಉಂಟು, ಪಿನ್ನು ಇನ್ನೂ ಆಗಿಲ್ಲ, ಕೂತುಕೋ, ಅವಳು ನೋಡದೆ ಇಲ್ಲಿಂದ ಪೀಸು ಕೊಡ್ಲಿಕ್ಕಿಲ್ಲ, ಯಾರು ಅಂಕಲ್, ಆಂಟಿಯಾ, ಹೌದು, ನೋಡುವುದು ಅವಳೇ, ಮೊದಲಿನಿಂದಲೂ, ಒಂದೂ ವಾಪಸು ಬಂದಿಲ್ಲ ಅಂತ ಬರೆದಿದ್ದಿಯಲ್ಲ, ಆ ಸಾಲಿಗೆ ಅವಳ ಹೆಸರು ಹಾಕು. ಕುಶಲಾ ತಿರುಗಿ ನೋಡಲಿಲ್ಲ, ಕಿವಿ ಮಾತ್ರ ಕೆಂಪಾಯಿತು, ಸಂಕದ ಕಡೆಯಿಂದ ಟ್ಯಾಂಕರು, ತಡೀರಿ ಅಂದಳು, ತಡೆದೆ, ಹೋಯಿತು, ಈಗ ಅಂದಳು, ಸ್ವಿಚ್ಚು ಹಾಕಿದೆ, ಚಕ್ಕು ತಿರುಗಿತು, ಎಮರಿ ಉಜ್ಜುವ ಸಣ್ಣ ಸದ್ದು, ಸಾಕು, ಆರಿಸಿದೆ, ಚಕ್ಕು ನಿಧಾನಕ್ಕೆ, ಇನ್ನೂ ನಿಧಾನಕ್ಕೆ, ನಿಂತಿತು, ಅವಳು ಕಣ್ಣು ಮುಚ್ಚಿದಳು, ಬೆರಳು ಇಟ್ಟಳು, ತುದಿ ಕಪ್ಪಾದ ಬೆರಳು, ಹೋಗುತ್ತಿದೆ, ಹೋಗುತ್ತಿದೆ, ಅಲ್ಲಿಗೆ ಬಂತು, ದಾಟಿತು, ಹೋಗುತ್ತಿದೆ, ತುದಿ ಕಪ್ಪಾದ ಆ ಬೆರಳು.