ಎಲೆ ಕೀಳಲಾರದ ಕೈ

ಆಹಾ, ನಮ್ಮ ಸಾದೆಕ್ ಊರಿನ ಆ ಮಾಗಿಯ ಮುಂಜಾವುಗಳು! ತಿಯೆನ್ ನದಿಯ ಮೇಲೆ ಕ್ಷೀರಧವಳ ಮಂಜು ಮೆಲ್ಲಮೆಲ್ಲನೆ ಕರಗುತ್ತ, ಹೂಕುಂಡಗಳನ್ನು ಹೊತ್ತ ದೋಣಿಗಳು ಒಂದೊಂದಾಗಿ ಹೊಂಬಿಸಿಲಿಗೆ ತೇಲಿಬರುತ್ತಿದ್ದ ಆ ದಿನಗಳು... ರಸಿಕ ಓದುಗನೇ, ನೆನೆದರೆ ಈ ಮುದಿಜೀವದ ಕಣ್ಣು ಇಂದಿಗೂ ತೇವಗೊಳ್ಳುತ್ತದೆ. ನಮ್ಮ ತೋಟಗಾರ ಖೀಮ್ ಆಗಿನ್ನೂ ಬದುಕಿದ್ದ.

ವಿಧವೆ ಹ್ವೇ, ಪ್ರತಿ ಹೊಸವರ್ಷದ ತೆತ್ ಹಬ್ಬ ಮುಗಿದೊಡನೆ, ತನ್ನ ಮಾಯ್ ಗಿಡದ ಕುಂಡವನ್ನು ಅವನ ಆರೈಕೆಗೆ ಬಿಡುತ್ತಿದ್ದಳು. ಬೇರು ಸವರಿ, ಮಣ್ಣು ಬದಲಿಸಿ, ಮಳೆಗಾಲದಲ್ಲಿ ನೀರು ನಿಲ್ಲದಂತೆ ಕಾದು, ಅವನು ಅದನ್ನು ಮಗುವಿನಂತೆ ಸಾಕುತ್ತಿದ್ದ. ವರ್ಷದ ಕೊನೆಯ ಹುಣ್ಣಿಮೆಗೆ ಎಲೆಗಳನ್ನೆಲ್ಲ ಕಿತ್ತು ಗಿಡವನ್ನು ಅವಳ ಮನೆಗೆ ಕಳಿಸಿದರೆ ಹೊಸವರ್ಷದ ಬೆಳಿಗ್ಗೆಯೇ ಸ್ವರ್ಣಪುಷ್ಪಗಳು ಬಿರಿಯುತ್ತವೆ. ಬಿರಿಯದ ಮನೆಗೆ ವರ್ಷವೆಲ್ಲ ಮಂಕು. ಖೀಮನ ಲೆಕ್ಕ ಎಂದೂ ತಪ್ಪಿದ್ದಿಲ್ಲ.

ಆದರೆ ಗಿಡ ನೋಡುವ ನೆಪದಲ್ಲಿ ಅವಳು ಬರುವುದು, ಅವನು ಚಹಾ ಕೊಡುವುದು ಊರಿನ ಬಾಯಿಗೆ ಬಿತ್ತು. ಇದೇ ಕೊನೆಯ ವರ್ಷ, ಇನ್ನು ಗಿಡವನ್ನು ತಾನೇ ನೋಡಿಕೊಳ್ಳುವೆನೆಂದು ಹ್ವೇ ಹೇಳಿಬಿಟ್ಟಳು. ಅಯ್ಯೋ, ಖೀಮನ ಎದೆ ಒಡೆದುಹೋಯಿತು! ಹುಣ್ಣಿಮೆ ಬಂತು, ಹೋಯಿತು. ಅವನು ದಿನವೂ ಗಿಡದೆದುರು ಕುಳಿತು, ಎಲೆಗಳನ್ನು ನೇವರಿಸಿ, ನಾಳೆ ನೋಡೋಣವೆಂದು ಎದ್ದುಬಿಡುತ್ತಿದ್ದ. ಗಿಡವನ್ನೇ ಮದುವೆಯಾದೆಯೇನಯ್ಯ ಎಂದು ನೆರೆಯವರು ಛೇಡಿಸಿದರು. ಕೊನೆಗೆ ಕಿತ್ತು ಕಳಿಸಿದ್ದು ತೀರ ತಡವಾಗಿ.

ಹೊಸವರ್ಷದ ಬೆಳಿಗ್ಗೆ ಬೋಳು ಕೊಂಬೆಗಳಲ್ಲಿ ಹಸಿರು ಮೊಗ್ಗಷ್ಟೇ ಕಂಡು, ಕೆಂಡವಾದ ಹ್ವೇ ಬಿರಬಿರನೆ ಅವನ ಮನೆಗೆ ನಡೆದಳು. ಹೊಸ್ತಿಲ ಬಳಿ ಕಾಲು ತಡೆಯಿತು. ಆ ದಿನ ಮೊದಲು ಒಳಗೆ ಬಂದವರ ಅದೃಷ್ಟವೇ ಆ ಮನೆಯ ವರ್ಷದ ಅದೃಷ್ಟ. ಅದಕ್ಕೇ ಗಂಡನನ್ನು ಕಳೆದುಕೊಂಡವಳು ಯಾರ ಹೊಸ್ತಿಲನ್ನೂ ಮೊದಲು ದಾಟುವಂತಿಲ್ಲ. ಅವಳು ಅಂಗಳದಲ್ಲೇ ನಿಂತಳು.

“ಏನ್ರೀ, ನನ್ನ ವರ್ಷಾನೇ ಹಾಳು ಮಾಡಿದ್ರಲ್ಲ. ಹುಣ್ಣಿಮೆ ಚಂದ್ರ ಕಾಣ್ಲಿಲ್ವಾ ನಿಮ್ಗೆ?”

“ಕಾಣ್ತು,” ಎಂದ ಖೀಮ್, ತಲೆ ತಗ್ಗಿಸಿ. “ಎಲೆ ಕಿತ್ರೆ ಗಿಡ ಹೊರಟೋಗುತ್ತೆ. ಆಮೇಲೆ ನೀವೂ ಬರಲ್ಲ... ಕೈ ಬರ್ಲಿಲ್ಲ.”

ಅವನು ಬಾಗಿಲನ್ನು ಪೂರ್ತಿ ತೆರೆದ.

“ಒಳಗೆ ಬನ್ನಿ.”

“ನಾನಾ? ಇವತ್ತಾ?”

“ಬೇರೆ ಯಾರನ್ನೂ ಕರೆದಿಲ್ಲ. ನಿಮ್ಮ ಅದೃಷ್ಟ ಎಂಥದ್ದೋ, ನಂಗೂ ಅದೇ ಇರ್ಲಿ.”

ಅವಳು ಚಪ್ಪಲಿ ಕಳಚಿ ಒಳಗೆ ಹೋದಳು. ಪ್ರಿಯ ಓದುಗನೇ, ಸೌಭಾಗ್ಯದಲ್ಲಿ ಪಾಲು ಬೇಡುವವರು ಲೋಕದಲ್ಲಿ ಅಸಂಖ್ಯರು. ಇನ್ನೊಬ್ಬರ ದುರದೃಷ್ಟವನ್ನು ತನ್ನ ಮನೆಗೆ ಕೈಹಿಡಿದು ಬರಮಾಡಿಕೊಳ್ಳುವ ಹೃದಯವನ್ನು ನಾನು ಕಂಡದ್ದು ಅದೊಂದೇ!